ಚಿನ್ನದ ನಾಡಿಗೆ ಗಾಡಿಯ ದಾರಿ

ಮನೆಯನ್ನೇ ಚಕ್ರದ ಮೇಲೇರಿಸಿಕೊಂಡು ಮರಳುಗಾಡು, ಬೆಟ್ಟಸಾಲುಗಳನ್ನು ಸುತ್ತಿಬರುವುದು ಅಮೆರಿಕದವರಿಗೆ ಬಲು ಪ್ರಿಯವಾದ ಹವ್ಯಾಸ. ಅಡುಗೆ, ಹಾಸಿಗೆ ಎಲ್ಲವೂ ವಾಹನದೊಳಗೇ. ನಮಗೆ ಇದು ತೀರ ಹೊಸದೇನಲ್ಲ. ಕಮಾನು ಕಟ್ಟಿದ ಎತ್ತಿನ ಗಾಡಿಗೆ ಹುಲ್ಲು ತುಂಬಿ, ಜಮಖಾನ ಹಾಸಿ, ಪಾತ್ರೆ ಪಡಗ, ಅಕ್ಕಿ ಬೇಳೆ ಹೇರಿಕೊಂಡು ಹೊರಟ ನಮ್ಮ ಹಿರಿಯರು ಕತ್ತಲಾದಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಬೇಯಿಸಿ ಉಂಡು, ಗಾಡಿಯಲ್ಲೇ ಮಲಗುತ್ತಿದ್ದರು. ಅಂಥದೊಂದು ಗಾಡಿಪಯಣ ಕೋಲಾರ ಸೀಮೆಯ ನೆಲದ ರೂಪವನ್ನೇ ಬದಲಿಸಿತು.

1871ರ ಮಾತು. ನ್ಯೂಜಿಲೆಂಡಿನ ಯುದ್ಧದಲ್ಲಿ ದುಡಿದು, ಅಲ್ಲಿ ಚಿನ್ನದ ಗಣಿಗಾರಿಕೆಯ ರುಚಿ ಕಂಡು, ನಿವೃತ್ತನಾಗಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ ಎತ್ತಿನ ಗಾಡಿ ಏರಿ ಸುಮಾರು 60 ಮೈಲಿ ದೂರದ ಕೋಲಾರದತ್ತ ಹೊರಟ. (ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನದೇ ಹೆಸರು.) ಅವನನ್ನು ಎಬ್ಬಿಸಿದ್ದು ಹಳೆಯದೊಂದು ವರದಿ. ಟಿಪ್ಪುವಿನ ಪತನಾನಂತರ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್, 1802ರಲ್ಲಿ ಇಲ್ಲಿನ ಚಿನ್ನದ ಸುದ್ದಿ ಕೇಳಿ, ತೋರಿಸಿದವರಿಗೆ ಇನಾಮು ಸಾರಿದ್ದ. ಹಳ್ಳಿಗರು ಗಾಡಿಗಳಲ್ಲಿ ಮಣ್ಣು ಹೇರಿ ತಂದು, ಅವನ ಕಣ್ಣೆದುರೇ ತೊಳೆದು ಹಳದಿ ಕಣಗಳನ್ನು ತೋರಿಸಿದರು. ಸುಮಾರು 56 ಕಿಲೋ ಮಣ್ಣಿಗೆ ಸಿಕ್ಕಿದ್ದು ಒಂದು ಗ್ರೇನ್, ಎಂದರೆ ಒಂದು ಗ್ರಾಮಿನ ಹದಿನೈದನೆಯ ಒಂದು ಪಾಲು! ಚಿನ್ನ ‘ಕಂಡುಹಿಡಿದವರು’ ಯಾರು ಎಂಬ ಪ್ರಶ್ನೆಗೆ ನಾವು ಸಾಹೇಬರ ಹೆಸರನ್ನಷ್ಟೇ ಹೇಳುತ್ತ ಬಂದಿದ್ದೇವೆ. ಮಣ್ಣು ತೊಳೆದವರಿಗೆ ಅದು ಮೊದಲೇ ಗೊತ್ತಿತ್ತು.

ಇಲ್ಲೊಂದು ಸ್ವಾರಸ್ಯವಿದೆ. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲು 1864ರಲ್ಲೇ ಓಡತೊಡಗಿತ್ತು. ಅದರ ದಾರಿಯಲ್ಲೇ ಬಂಗಾರಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್‌ನಿಂದಾಗಿ ಅದರ ಅಂದಿನ ಹೆಸರು ಬೌರಿಂಗ್‌ಪೇಟೆ. ಹೀಗಿದ್ದೂ ಲ್ಯಾವೆಲ್ ಗಾಡಿಯನ್ನೇಕೆ ಹಿಡಿದ? ರೈಲು ನಿಲ್ದಾಣದಲ್ಲಿ ಮಾತ್ರ ನಿಲ್ಲುತ್ತದೆ, ಗಾಡಿ ಬೇಕಾದಲ್ಲಿ ನಿಲ್ಲುತ್ತದೆ ಎಂಬುದು ನನ್ನ ಊಹೆ. ನೆಲವನ್ನು ಓದಬೇಕಾದವನು ಇಳಿದು ನಡೆಯಬೇಕು. ಈ ಸೀಮೆಯ ಬಹುಪಾಲು ಬೂದು ಬಣ್ಣದ ಬೆಣಚು ಬಂಡೆ, ಗುಂಡುಕಲ್ಲಿನ ಗುಡ್ಡ. ಅದರ ನಡುವೆ ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದಕ್ಕೆ ಕಪ್ಪು ಶಿಲೆಯ ಕಿರಿದಾದ ಪಟ್ಟಿಯೊಂದು ಹಾದಿದೆ. ಚಿನ್ನವಿರುವುದು ಅದರೊಳಗಿನ ಬಿಳಿಗಲ್ಲಿನ ಎಳೆಗಳಲ್ಲಿ.

ಲ್ಯಾವೆಲ್‌ಗೆ 1875ರಲ್ಲಿ ಗಣಿಯ ಪರವಾನಗಿ ಸಿಕ್ಕಿತು, ಬಂಡವಾಳ ಸಿಗಲಿಲ್ಲ. ಹಕ್ಕು ಕೈಬದಲಾಯಿತು, 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪೆನಿ ಕಾಲಿಟ್ಟಿತು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹತ್ತು ಮೈಲಿಯ ರೈಲು ಹಾದಿ ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ಚಾಂಪಿಯನ್ ರೀಫ್ ಗಣಿ ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು.

ಅಷ್ಟು ಆಳದಿಂದ ಎತ್ತಿದ ಕಲ್ಲೆಲ್ಲ ಎಲ್ಲಿಗೆ ಹೋಯಿತು? ಬಂಗಾರಪೇಟೆ ಬಿಟ್ಟು ಕೆಜಿಎಫ್ ಸೇರುವವರಿಗೆ ಅದು ಕಣ್ಣಿಗೇ ರಾಚುತ್ತದೆ. ಕಲ್ಲನ್ನು ಹಿಟ್ಟಿನಂತೆ ಕುಟ್ಟಿ ಸಯನೈಡ್ ದ್ರಾವಣದಲ್ಲಿ ನೆನೆಸಿದರೆ ಚಿನ್ನ ಅದರಲ್ಲಿ ಕರಗುತ್ತದೆ. ಉಳಿದ ಹಿಟ್ಟನ್ನು ಗಣಿಯ ಮಗ್ಗುಲಲ್ಲೇ ಸುರಿಯುತ್ತ ಹೋದರು. 120 ವರ್ಷಗಳಲ್ಲಿ ತೆಗೆದ ಚಿನ್ನ 800 ಟನ್ನಿಗೂ ಹೆಚ್ಚು. ಉಳಿದ ದಿಬ್ಬಗಳ ತೂಕ ಸುಮಾರು 3.3 ಕೋಟಿ ಟನ್. ನೆತ್ತಿ ಚಪ್ಪಟೆ, ಮೈಯೆಲ್ಲ ಮಳೆ ಕೊರೆದ ಕೊರಕಲು, ಹುಲ್ಲು ಕೂಡ ಅಪರೂಪ. ಮರುಭೂಮಿಯ ದೃಶ್ಯ ಬೇಕಾದ ಸಿನಿಮಾದವರು ಇಲ್ಲಿಗೆ ಬರುತ್ತಾರೆ. 2018ರ ‘ಕೆಜಿಎಫ್’ ಚಿತ್ರಕ್ಕೂ ಇದೇ ದಿಬ್ಬಗಳು ಒದಗಿದವು. ನೋಡಲು ಬಂದವರಿಗೆ ಇದು ಚೆಂದ. ಬೀಸುಗಾಳಿಯ ತಿಂಗಳುಗಳಲ್ಲಿ ಆ ಪುಡಿ ಯಾರ ಅಂಗಳಕ್ಕೆ, ಯಾರ ಅನ್ನದ ತಟ್ಟೆಗೆ ಬೀಳುತ್ತದೆ ಎಂಬುದನ್ನು ಅಲ್ಲಿನ ಲೈನ್‌ಮನೆಗಳವರು ಹೇಳಬೇಕು.

ಆ ಲೈನ್‌ಗಳಿಗೆ ಬಂದವರದು ಬೇರೆ ತರಹದ ಪಯಣ. ಅಂದಿನ ಮದ್ರಾಸ್ ಪ್ರಾಂತ್ಯದ ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ಆ ಕುಟುಂಬಗಳಲ್ಲಿ ಬಹುಪಾಲು ದಲಿತರು. ಊರಿನ ಜೀತ, ಬರ, ಜಾತಿಯ ಕಟ್ಟುಗಳಿಂದ ಬಿಡಿಸಿಕೊಂಡು ಬಂದು ತಟ್ಟಿಗೋಡೆಯ ಸಾಲುಮನೆಗಳಲ್ಲಿ ತಲೆಮಾರುಗಟ್ಟಲೆ ಬಾಳಿದರು. ಲ್ಯಾವೆಲ್‌ನಂತೆ ಬೇಕಾದಲ್ಲಿ ಗಾಡಿ ನಿಲ್ಲಿಸುವ ಅವಕಾಶ ಅವರಿಗಿರಲಿಲ್ಲ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ರೈಲು ಮಾತ್ರ ನಿಲ್ಲಲಿಲ್ಲ. ಗಣಿಗೆ ಜನ, ಸಾಮಾನು ತರಲು ಹಾಕಿದ ಅದೇ ಹಳಿಯ ಮೇಲೆ ಗಣಿಯವರ ಮಕ್ಕಳು, ಮೊಮ್ಮಕ್ಕಳು ಕೂಲಿಗೆ, ಕಾರ್ಖಾನೆಗೆ, ಆಫೀಸಿಗೆ ಬೆಂಗಳೂರಿಗೆ ಹೋಗಿಬರುತ್ತಾರೆ. ನಸುಕಿನಲ್ಲಿ ಮಾರಿಕುಪ್ಪಂ ಬಿಡುವ ಗಾಡಿ ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಸೇರುವ ಹೊತ್ತಿಗೆ ಸೀಟು ಹಿಡಿದವರಲ್ಲಿ ಅರ್ಧ ಮಂದಿ ಮತ್ತೆ ನಿದ್ದೆ ಹೋಗಿರುತ್ತಾರೆ.