ಅಡಿಗಿ ಪುಸ್ತಕ ಬರೆದಾಕಿ ಯಾರು?

ನಾನು ಒಕ್ಕಲುತನ ಮಾಡಾವ, ಹಂತಿ ಪದ, ಭಜನಿ ಪದ ಹಾಡಾವ. ಕಲಿತದ್ದು ಏಳನೇ ಇಯತ್ತೆ. ಇಂಗ್ಲಿಷ್ ಬರೂದಿಲ್ಲ. ಕೆಳಗಿನ ಸಂಗತಿಯನ್ನು ನಮ್ಮ ಕನ್ನಡ ಶಾಲಿಯ ಗುರುಗಳು ಓದಿ, ತಿಳಿಸಿ ಹೇಳಿದರು. ಇದನ್ನ ಮೊದಲೇ ಹೇಳೂದು ಚೊಲೊ. ಯಾಕಂದ್ರ ಯಾವುದು ಯಾರಿಂದ ಬಂತು ಅನ್ನೂದೇ ಈ ಲೇಖನದ ವಿಷಯ.

ಹೋದ ವರ್ಷ ಊರ ಹೆಣ್ಣುಮಕ್ಕಳ ಅಡಿಗಿ ಪುಸ್ತಕ ಒಂದು ತರಬೇಕು ಅಂತ ವಾಚನಾಲಯದಾಗ ಮಾತಾಯಿತು. ಒಬ್ಬ ಹೆಣ್ಣುಮಗಳು ಎಣ್ಣೆಗಾಯಿ, ಶೇಂಗಾ ಹೋಳಿಗಿ, ಮಾದ್ಲಿ, ಹಿಂಡಿ ಎಲ್ಲಾ ಒಂದು ವಹಿಯಾಗ ಬರೆದು ತಂದಳು. ಕೂತವರಾಗ ಒಬ್ಬರು, “ಇದನ್ನ ಈಕಿ ಬರದಾಳಂದ್ರ ಯಾರು ನಂಬಬೇಕು? ಮಗ ಬರದು ಕೊಟ್ಟಿರಬೇಕು” ಅಂದರು. ಇನ್ನೊಬ್ಬರು, “ಇವೆಲ್ಲಾ ಎಲ್ಲರ ಮನ್ಯಾಗ ಮಾಡೂವು, ಈಕೀದೇನು ಹೊಸಾದು?” ಅಂದರು. ನಾನೂ ನಕ್ಕೆ. ಆಕಿ ವಹಿ ಮಡಚಿಕೊಂಡು ಹೋದಳು. ಅವತ್ತ ಸಂಜಿಗೆ ಗುರುಗಳು ನನ್ನ ಕೂಡಿಸಿಕೊಂಡು ಹನ್ನಾ ಗ್ಲಾಸ್ ಎಂಬಾಕಿಯ ಕಥಿ ಹೇಳಿದರು.

ಹನ್ನಾ ಹುಟ್ಟಿದ್ದು 1708ರಲ್ಲಿ, ಲಂಡನ್ನಿನಾಗ. ತಂದಿ ಐಸಾಕ್ ಆಲ್‌ಗುಡ್, ಉತ್ತರ ಇಂಗ್ಲೆಂಡಿನ ಹೆಕ್ಸಾಮ್ ಊರ ಕಡೆಯ ಜಮೀನುದಾರ. ತಾಯಿ ಅವನ ಲಗ್ನದ ಹೆಂಡತಿ ಅಲ್ಲ. ಆದರೂ ಹುಡುಗಿ ತಂದಿ ಮನಿಯಾಗೇ ಬೆಳೆದಳು. 1724ರಲ್ಲಿ ಜಾನ್ ಗ್ಲಾಸ್ ಎಂಬ ಸಿಪಾಯಿ ಕೂಡ ಲಗ್ನವಾದಳು. ಮುಂದ ಗಂಡ ಹೆಂಡತಿ ಇಬ್ಬರೂ ಒಬ್ಬ ದೊಡ್ಡ ಮನಿತನದವರ ಹತ್ತಿರ ಚಾಕರಿ ಮಾಡಿದರು. ರೊಕ್ಕದ ಅಡಚಣಿ ತಪ್ಪಲಿಲ್ಲ. 1747ರಲ್ಲಿ ಆಕಿ ‘ದಿ ಆರ್ಟ್ ಆಫ್ ಕುಕರಿ’ ಎಂಬ ಅಡಿಗಿ ಪುಸ್ತಕ ಹೊರಗ ತಂದಳು. ಅದನ್ನು ಮಾರಿದ್ದು ಒಂದು ಪಿಂಗಾಣಿ ಅಂಗಡಿಯಾಗ. ಮ್ಯಾಲೆ ಹೆಸರು ಇರಲಿಲ್ಲ, ‘ಒಬ್ಬ ಗರತಿ ಬರೆದದ್ದು’ ಎಂಬ ಅರ್ಥದ ಮಾತು ಅಷ್ಟೇ. ಅದೇ ವರ್ಷ ಗಂಡ ಸತ್ತ.

ದೊಡ್ಡ ಮಾತು ನನಗ ಬ್ಯಾಡ, ಮನಿಗೆಲಸದ ಹುಡುಗಿಯರಿಗೆ ತಿಳಿದರ ಸಾಕು ಅಂತ ಆಕಿ ಮುನ್ನುಡಿಯಾಗ ಬರೆದಾಳ. ಹನ್ನೆರಡು ತತ್ತಿ ಹುರಿಯಾಕ 6 ಪೌಂಡು ಬೆಣ್ಣಿ ಸುರಿಯೋ ಅಡಿಗಿಯವರನ್ನ ಬೈದು, ಅರ್ಧ ಪೌಂಡು ಸಾಕು ಅಂತಾಳ. ನಮ್ಮ ಲೆಕ್ಕದಾಗ ಅದು ಸುಮಾರು ಪಾವ್ ಕಿಲೊ. ಪುಸ್ತಕ ಮಸ್ತ್ ಖಪ್ಪಾಯಿತು. ನೂರು ವರ್ಷದ ತನಕ ಮತ್ತ ಮತ್ತ ಅಚ್ಚಾಯಿತು.

ಆ ಪುಸ್ತಕದಾಗ ನಮ್ಮ ದೇಶದ ರೀತಿಯ ಸಾರೂ ಒಂದು ಅದ. ಕೋಳಿ ಇಲ್ಲಾ ಮೊಲ, ಉಳ್ಳಾಗಡ್ಡಿ, ಮೂವತ್ತು ಕರಿ ಮೆಣಸಿನ ಕಾಳು, ಒಂದು ಚಮಚ ಅಕ್ಕಿ, ಸ್ವಚ್ಛ ಸಲಿಕಿ ಮ್ಯಾಲೆ ಹುರಿದು ಪುಡಿ ಮಾಡಿದ ಹವೀಜ, ಉಪ್ಪು, ಕಡೀಕ ಬೆಣ್ಣಿ. ಹೊಲದಾಗ ಸಲಿಕಿ ಮ್ಯಾಲೆ ಶೇಂಗಾ ಹುರಿದು ತಿಂದ ನಮಗ ಇದು ಹೊಸಾದಲ್ಲ. ಮೊದಲ ಅಚ್ಚಿನಾಗ ಅರಿಷಿಣ ಇಲ್ಲ, ಮುಂದಿನ ಅಚ್ಚಿನಾಗ ಬಂತು. ನಾನು ಮನಿಯಾಗ ಓದಿ ಹೇಳಿದಾಗ ನಮ್ಮ ಮನಿಯಾಕಿ, “ಖಾರಿಲ್ಲ, ಹುಳಿಯಿಲ್ಲ, ಬ್ಯಾನಿ ಬಿದ್ದವರಿಗೆ ಮಾಡೂದೇನು?” ಅಂದಳು. ‘ಇಂಡಿಯಾದ ರೀತಿ’ ಅಂತ ಹೆಸರಿಟ್ಟಾಳ. ಇಂಡಿಯಾದ ಯಾರ ಕೈಯಿಂದ ಬಂತು ಅನ್ನೂದು ಅಲ್ಲಿಲ್ಲ.

ಇನ್ನು ಸಂಶಯದ ಮಾತು. ಹೆಕ್ಸಾಮಿನಾಗ ಆ್ಯನ್ ಕುಕ್ ಎಂಬಾಕಿ ಗಂಡನ ಕೂಡ ಖಾನಾವಳಿ, ವಸತಿಮನಿ ನಡೆಸತಿದ್ದಳು. ಹನ್ನಾಳ ಮಲತಮ್ಮ ಲಾನ್ಸ್‌ಲಾಟ್ ಆಲ್‌ಗುಡ್‌ಗೂ ಇವರಿಗೂ ದೊಡ್ಡ ಜಗಳ. 1754ರಲ್ಲಿ ಆ್ಯನ್ ತನ್ನದೇ ಅಡಿಗಿ ಪುಸ್ತಕ ಅಚ್ಚು ಹಾಕಿ, ಅದರಾಗ ಹನ್ನಾಳ ಅಡಿಗಿಗಳನ್ನ ಒಂದೊಂದೇ ಹಿಡಿದು ಜಾಡಿಸಿದಳು. ಇದು ದಂಡ, ಇದು ರುಚಿಗೇಡಿ, ಇದು ಮಂದಿಯದು ಕದ್ದದ್ದು ಅಂತ ಪದ್ಯ ಕಟ್ಟಿ ಬೈದಳು. ನಮ್ಮ ಸವಾಲ್ ಜವಾಬ್ ಪದದಾಂಗ ಅನ್ರಿ. ಅದೇ ವರ್ಷ ಹನ್ನಾ ಸಾಲದಾಗ ದಿವಾಳಿ ಆದಳು. ಪುಸ್ತಕದ ಹಕ್ಕು ಲಿಲಾವಿಗೆ ಹೋತು. 1757ರಲ್ಲಿ ಸಾಲಗಾರರ ಜೇಲಿಗೂ ಹೋಗಿ ಬಂದಳು. 1770ರಲ್ಲಿ ತೀರಿಕೊಂಡಳು.

ಸತ್ತ ಮ್ಯಾಲೂ ಬಿಡಲಿಲ್ಲ. 1778ರಲ್ಲಿ ಒಂದು ಊಟದ ಕೂಟದಾಗ ಪುಸ್ತಕ ವ್ಯಾಪಾರಿಯೊಬ್ಬ, ಅದನ್ನು ಬರೆದಾವ ಡಾಕ್ಟರ್ ಜಾನ್ ಹಿಲ್ ಅಂದ. ಇಂಗ್ಲಿಷ್ ನಿಘಂಟು ಬರೆದ ಪಂಡಿತ ಸ್ಯಾಮ್ಯುಯೆಲ್ ಜಾನ್ಸನ್ ಅಲ್ಲೇ ಕೂತಿದ್ದ. ಅವನಿಗೆ ಹಿಲ್ ಬರೆದಾನ ಅನ್ನೂದರ ಮ್ಯಾಲೆ ಸ್ವಲ್ಪ ಗುಮಾನಿ. ಪೆಟ್ಲುಪ್ಪು ಮತ್ತು ಅದನ್ನೇ ಕಾಸಿ ಮಾಡಿದ ಉಪ್ಪು ಎರಡೂ ಬ್ಯಾರೆ ಬ್ಯಾರೆ ಅಂತ ಪುಸ್ತಕದಾಗ ಅದ, ವೈದ್ಯ ಅಂಥ ತಪ್ಪು ಮಾಡೂದಿಲ್ಲ ಅಂದ. ಆದರ ಹೆಂಗಸರು ನೂಲು ನೂತಾರು, ಒಳ್ಳೆ ಅಡಿಗಿ ಪುಸ್ತಕ ಬರೆಯಲಾರರು ಅನ್ನೂದೂ ಅವನದೇ ಮಾತು. ಜಾನ್ಸನ್‌ನ ಗೆಳೆಯ ಬಾಸ್ವೆಲ್ ಇದನ್ನ 1791ರಲ್ಲಿ ಪುಸ್ತಕದಾಗ ಹಾಕಿದ. ದೊಡ್ಡವರ ಮಾತು ಅಂತ ಮಂದಿ ಹಿಡಕೊಂಡರು. ಜವಾಬು ಕೊಡಾಕ ಹನ್ನಾ ಇರಲಿಲ್ಲ, ಹಿಲ್ಲನೂ ಇರಲಿಲ್ಲ.

1938ರಲ್ಲಿ ಮೇಡ್ಲಿನ್ ಹೋಪ್ ಡಾಡ್ಸ್ ಎಂಬ ಇತಿಹಾಸಕಾರ್ತಿ, ಹನ್ನಾ ಮತ್ತು ಆ್ಯನ್ ಇಬ್ಬರ ಜಗಳದ ಬೆನ್ನು ಹತ್ತಿ ಬರೆದಳು. ಪುಸ್ತಕ ಹನ್ನಾಳದೇ ಅಂತ ಅಲ್ಲಿಗೆ ಖಾತ್ರಿ ಆಯಿತು. ಬೈದಾಕಿಯ ಮಾತೇ ಹನ್ನಾಳ ಗುರುತು ಹಿಡಿದು ಕೊಟ್ಟಂಗಾತು ನೋಡ್ರಿ. ಇಷ್ಟಕ್ಕೇ ಮುಗಿಯಲಿಲ್ಲ. 1980ರ ದಶಕದಾಗ ಅಭ್ಯಾಸಿಗಳು ಹಳೇ ಪುಸ್ತಕ ಮುಂದಿಟ್ಟುಕೊಂಡು ತಾಳೆ ನೋಡಿದರು. 972 ಅಡಿಗಿಗಳೊಳಗ 342 ಬ್ಯಾರೆಯವರ ಪುಸ್ತಕದಿಂದ ಎತ್ತಿದವು. ಅಂದ್ರ ಮೂರರಾಗ ಒಂದು ಪಾಲಿಗಿಂತ ಹೆಚ್ಚು. ಆ ಕಾಲದಾಗ ಹಿಂಗ ಎತ್ತೂದು ರೂಢಿನೇ ಇತ್ತು, ಮುಂದಿನವರು ಈಕಿಯದೂ ಎತ್ತಿದರು. ಆದರೂ ಎತ್ತಿದ್ದು ಎತ್ತಿದ್ದೇ.

ಅಂದ್ರ ಸಂಶಯ ಪಟ್ಟವರು ಎಲ್ಲಾ ಸುಳ್ಳೂ ಅಲ್ಲ, ಎಲ್ಲಾ ಖರೇನೂ ಅಲ್ಲ. ಆ್ಯನ್ ಕುಕ್‌ಗೆ ಸಿಟ್ಟು ಇದ್ದರೂ ಕದ್ದಾಳ ಅಂದದ್ದು ಒಂದು ಪಾಲು ಖರೆ. ಆಕಿ ಕೈಯಾಗ ಪುಸ್ತಕ ಹಿಡಿದು ಕುಂತಿದ್ದಳು. ಜಾನ್ಸನ್ ದೊಡ್ಡ ಪಂಡಿತ, ಪುಸ್ತಕದ ತಪ್ಪು ಹಿಡಿದು ನೋಡಿದ ತನಕ ಸರಿ ಇದ್ದ. ಹೆಂಗಸು ಅನ್ನೂದಷ್ಟಕ್ಕೇ ಆಗೂದಿಲ್ಲ ಅಂದಲ್ಲಿ ದಾರಿ ತಪ್ಪಿದ. ಸಂಶಯ ಪಡೂದು ತಪ್ಪಲ್ಲ. ವಹಿ ತೆಗೆದು ನೋಡದೆ, ಮಾರಿ ನೋಡಿ ಸಂಶಯ ಪಡೂದು ತಪ್ಪು. ಅವತ್ತು ನಾವು ಮಾಡಿದ್ದು ಅದನ್ನೇ.

ನಂದೂ ಒಂದು ಮಾತು ಹೇಳತೀನಿ. ಮೂವತ್ತು ವರ್ಷದಿಂದ ನಾನು ಹಾಡೋ ಒಂದು ಹಂತಿ ಪದ ಕೇಳಿ ಮಂದಿ, “ಭಾರಿ ಕಟ್ಟೀರಿ ಬಿಡ್ರಿ” ಅಂತಾರ. ಶಾಲು ಹೊದಿಸ್ಯಾರ. ನಾನು ಸುಮ್ಮನ ಕೈ ಮುಗಿದೀನಿ. ಆ ಪದದ ನಾಲ್ಕು ನುಡಿಯೊಳಗ ಮೂರು ನಮ್ಮ ಅವ್ವ ನಸುಕಿನಾಗ ಜ್ವಾಳ ಬೀಸುವಾಗ ಹಾಡಿದವು. ಒಂದೇ ನುಡಿ ನಂದು. ಆಕಿಗೆ ಅಕ್ಷರ ಬರತಿರಲಿಲ್ಲ. ನನ್ನನ್ನ ಯಾರೂ “ಇವನೇ ಕಟ್ಟ್ಯಾನೇನು?” ಅಂತ ಒಂದು ದಿನ ಕೇಳಲಿಲ್ಲ. ಕೇಳಬೇಕಿತ್ತು ನನ್ನ, ಕೇಳಿದ್ದು ಆ ಹೆಣ್ಣುಮಗಳನ್ನ.

ನಮ್ಮ ವಾಚನಾಲಯದವರಿಗೆ ಒಂದು ವಿನಂತಿ. ಮುಂದ ಪದ ಆಗಲಿ, ಅಡಿಗಿ ಆಗಲಿ ಅಚ್ಚು ಮಾಡುವಾಗ ಬರೆದವರ ಹೆಸರಿನ ಕೆಳಗ ‘ಇಂಥವರಿಂದ ಕಲಿತದ್ದು’ ಅಂತ ಒಂದು ಸಾಲು ಇರಲಿ. ನನ್ನ ಪದದ ಕೆಳಗ ನಮ್ಮ ಅವ್ವನ ಹೆಸರು ಹಾಕ್ರಿ. ಆ ಹೆಣ್ಣುಮಗಳು ಈಗ ವಹಿ ಕೊಡೂದಿಲ್ಲ ಅಂತಾಳ. ಜ್ವಾಳದ ರಾಶಿ ಮುಗಿದ ಮ್ಯಾಲೆ ನಾನೇ ಆಕಿ ಮನಿಗೆ ಹೋಗಿ, ನಕ್ಕದ್ದು ತಪ್ಪಾಯಿತವ್ವಾ ಅಂತ ಹೇಳಿ ಕೇಳಿ ಬರತೀನಿ. ಕೊಟ್ಟರ ನಮ್ಮ ಪುಣ್ಯ.