ಸೀತಾಫಲದ ಐಸ್‌ಕ್ರೀಮ್

ಮಳೆಗಾಲ ಮುಗಿಯುತ್ತಿದ್ದಂತೆ ಹೈದರಾಬಾದಿನ ಐಸ್‌ಕ್ರೀಮ್ ಅಂಗಡಿಗಳಲ್ಲಿ ಸೀತಾಫಲದ ಸರದಿ ಶುರುವಾಗುತ್ತದೆ. ಈ ಹಣ್ಣಿನ ಹೆಸರಾಂತ ತಳಿಯೇ ‘ಬಾಲಾನಗರ’. ಹೆಸರು ಬಂದದ್ದು ನಗರದ ಅದೇ ಹೆಸರಿನ ಕೈಗಾರಿಕಾ ಪ್ರದೇಶದಿಂದಲ್ಲ, ಮಹಬೂಬ್‌ನಗರ ಜಿಲ್ಲೆಯ ಬಾಲಾನಗರದಿಂದ. ತಿರುಳು ಬಲು ಸಿಹಿ, ಬೀಜವೂ ಧಾರಾಳ. ನೆರೆಯ ರಾಯಚೂರು, ಕಲಬುರಗಿ 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು; ಅಲ್ಲಿಂದ ಬಂದು ನೆಲೆಸಿದ ಕನ್ನಡಿಗರಿಗೂ ಇದು ತವರಿನ ಹಣ್ಣೇ.

ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಾಲದಲ್ಲಿ, 1935ರಲ್ಲಿ ಕಟ್ಟಿದ ಮೊಅಜ್ಜಮ್ ಜಾಹಿ ಮಾರುಕಟ್ಟೆಯ ಅಂಗಡಿಗಳು ಕೈಯಲ್ಲಿ ಕಡೆದ ಹಣ್ಣಿನ ಐಸ್‌ಕ್ರೀಮಿಗೆ ದಶಕಗಳಿಂದ ಮನೆಮಾತು.

ಮರದ ಪೀಪಾಯಿಯ ನಡುವೆ ಲೋಹದ ಡಬ್ಬಿ, ಸುತ್ತಲೂ ಒಡೆದ ಮಂಜುಗಡ್ಡೆ, ಮೇಲೆ ಕಲ್ಲುಪ್ಪು. ಉಪ್ಪು ಬೆರೆತ ಮಂಜು ಸೊನ್ನೆ ಡಿಗ್ರಿಗಿಂತ ಕೆಳಗೂ ಕರಗುತ್ತದೆ. ಅದಕ್ಕೆ ಬೇಕಾದ ಶಾಖವನ್ನು ಡಬ್ಬಿಯೊಳಗಿನ ಹಾಲಿನಿಂದ ಎಳೆದುಕೊಳ್ಳುತ್ತದೆ. ಕಡೆಯುವುದನ್ನು ನಿಲ್ಲಿಸಿದರೆ ಹಾಲು ಹರಳುಗಟ್ಟಿ ನಯ ಕೆಡುತ್ತದೆ. ಹಿಡಿಕೆ ತಿರುಗಿಸಿ ಕಡೆಯುವ ಯಂತ್ರಕ್ಕೆ ಅಮೆರಿಕದ ನ್ಯಾನ್ಸಿ ಜಾನ್ಸನ್ 1843ರಲ್ಲಿ ಪೇಟೆಂಟ್ ಪಡೆದರು.

ಸೀತಾಫಲ ಮಾತ್ರ ಇನ್ನಷ್ಟು ನಾಜೂಕು ಬೇಡುತ್ತದೆ. ತಿರುಳನ್ನು ಕುದಿಸಿದರೆ ಕಹಿ. ಆದ್ದರಿಂದ ಹಾಲನ್ನು ಬತ್ತಿಸಿ, ಪೂರ್ತಿ ಆರಿಸಿ, ಆಮೇಲಷ್ಟೇ ಹಸಿ ತಿರುಳು ಬೆರೆಸಬೇಕು. ಅದಕ್ಕೂ ಮುಂಚೆ ಒಂದೊಂದೇ ಎಸಳು ಹಿಚುಕಿ ಕಪ್ಪು ಬೀಜ ಬಿಡಿಸಬೇಕು. ಈ ಐಸ್‌ಕ್ರೀಮಿನಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯುವ ಕೆಲಸ ಅದೇ.