ಮಂದಿಯ ತಾಟು

ಏಷ್ಯಾ ಖಂಡದ ನಕಾಶೆಯನ್ನು ಗೋಡೆಗೆ ತೂಗುಹಾಕಿ ಪಾಠ ಹೇಳುವಾಗ ನನ್ನ ಕೋಲು ಪಡುವಣದ ಅರಬಸ್ತಾನದಿಂದ ಹೊರಟು ಮೂಡಣದ ಜಪಾನಿನಲ್ಲಿ ನಿಲ್ಲುತ್ತದೆ. ಪೇಟೆಯ ಹೋಟೆಲಿಗೆ ಬೋರ್ಡು ಬರೆಯುವವರ ಭೂಗೋಳವೇ ಬೇರೆ. ಅವರ ಏಷ್ಯಾ ಚೀನಾದಲ್ಲಿ ಹುಟ್ಟಿ ನೂಡಲ್ಸಿನಲ್ಲಿ ಮುಗಿದುಹೋಗುತ್ತದೆ. ಪಡುವಣದ ಏಷ್ಯಾದ ಒಲೆಯೂ ನಮಗೆ ತೀರ ದೂರವಿಲ್ಲ. ಅದು ಹೈದರಾಬಾದಿನ ಹೊರಮಗ್ಗುಲಿನ ಬಾರ್ಕಾಸ್ ಎಂಬ ಬಡಾವಣೆಯಲ್ಲಿ ಉರಿಯುತ್ತಿದೆ. ಆ ಒಲೆಗೂ ನಮ್ಮ ಸುರಪುರ, ಯಾದಗಿರಿಗಳಿಗೂ ಇರುವ ನಂಟು ಇವತ್ತು ನಿನ್ನೆಯದಲ್ಲ.

ಬಳಿಚಕ್ರದಂಥ ಊರಿನವರಿಗೆ ಬೆಂಗಳೂರು ರಾಜಧಾನಿ ನಿಜ, ಆದರೆ ಕೈಗೆಟಕುವ ದೊಡ್ಡ ಊರು ಹೈದರಾಬಾದೇ. ಯಾದಗಿರಿಯಿಂದ ಹೈದರಾಬಾದು ಸುಮಾರು 200 ಕಿಲೋಮೀಟರು. ಬೆಂಗಳೂರು ಅದರ ಎರಡು ಪಟ್ಟಿಗೂ ಮೇಲೆ. ಮದುವೆಯ ಬಟ್ಟೆಗೆ, ಬಳೆಗೆ, ದೊಡ್ಡ ಕಾಯಿಲೆಗೆ ನಾವು ಬಸ್ಸು ಹತ್ತುವುದು ಅತ್ತಲೇ. ನಾನು ಬಾರ್ಕಾಸಿಗೆ ಹೋದದ್ದೂ ಅಕ್ಕನ ಕಣ್ಣಿನ ಪೊರೆ ತೆಗೆಸುವ ನೆಪದಲ್ಲಿ. ಅಕ್ಕನ ಮಗಳು, ಅಳಿಯ ಚಂದ್ರಾಯಣಗುಟ್ಟದ ಆಚೆ ಬಾಡಿಗೆ ಮನೆಯಲ್ಲಿದ್ದರು. ಶಂಷಾಬಾದಿನ ವಿಮಾನ ನಿಲ್ದಾಣ 2008ರಲ್ಲಿ ತೆರೆದ ಮೇಲೆ ಆ ದಿಕ್ಕಿಗೆ ಕೆಲಸ ಹುಡುಕಿ ಹೋದವರಲ್ಲಿ ಅವರೂ ಒಬ್ಬರು. ಊರ ನಡುವೆ ಬಾಡಿಗೆ ತಾಳದು; ಹೊಸಬರು ಊರ ಅಂಚಿಗೇ ಹೋಗಿ ನಿಲ್ಲಬೇಕು. ಈ ಮಾತು ಬಾರ್ಕಾಸಿನ ಹಳಬರಿಗೂ ಒಂದು ಕಾಲದಲ್ಲಿ ಸಲ್ಲುತ್ತಿತ್ತು.

ಆಸ್ಪತ್ರೆಯ ಕೆಲಸ ಮುಗಿದು ನಾಲ್ಕು ದಿನ ಕಳೆದ ಮೇಲೆ ಮಗಳು ಹೇಳಿದಳು: “ಚಿಗವ್ವಾ, ಇವತ್ತು ಮಂದಿ ತಿನ್ಲಾಕ ಹೋಗಮು ನಡ್ರಿ.”

ಅಕ್ಕ ಕಪ್ಪು ಕನ್ನಡಕದೊಳಗಿಂದಲೇ ಬೆಚ್ಚಿಬಿದ್ದಳು. “ಏನಂದಿ? ಮಂದೀನ ತಿಂತಾರೇನ ಈ ಊರಾಗ?”

ಮಂದಿ ಎಂಬುದು ಅರಬರ ಅನ್ನ. ಹೆಸರು ನಮ್ಮ ಕಿವಿಗೆ ನಗೆ ತರಿಸುತ್ತದೆ, ಆದರೆ ಅದರ ಮೂಲ ‘ಇಬ್ಬನಿ, ತೇವ’ ಎನ್ನುವ ಅರಬ್ಬಿ ಮಾತು ಎನ್ನುತ್ತಾರೆ. ನೆಲದಲ್ಲಿ ತೋಡಿದ ಕುಣಿಯಂಥ ಒಲೆಯಲ್ಲಿ ಕೆಂಡ ಮಾಡಿ, ಅದರ ಮೇಲೆ ಅಕ್ಕಿಯ ಪಾತ್ರೆ ಇಟ್ಟು, ಅಕ್ಕಿಯ ಮೇಲ್ಗಡೆ ಮಾಂಸ ತೂಗುಹಾಕಿ ಬಾಯಿ ಮುಚ್ಚುತ್ತಾರೆ. ಮಾಂಸ ನಿಧಾನವಾಗಿ ಬೇಯುತ್ತ ಅದರ ರಸ ಹನಿಹನಿಯಾಗಿ ಅನ್ನಕ್ಕೆ ಇಳಿಯುತ್ತದೆ. ನಮ್ಮ ಹಾಗೆ ಖಾರ ಅರೆದು ಹಾಕುವ ರೂಢಿ ಇಲ್ಲ. ಅರಬಸ್ತಾನದ ದಕ್ಷಿಣ ತುದಿಯಲ್ಲಿರುವ, ಈಗ ಯೆಮನ್ ದೇಶಕ್ಕೆ ಸೇರಿದ ಹದ್ರಮೌತ್ ಎಂಬ ಸೀಮೆ ಇದರ ತವರು. ಆ ಒಣಸೀಮೆಯವರು ಅನ್ನದ ಅಡಿಗೆಯಲ್ಲಿ ಹೇಗೆ ಪಳಗಿದರೋ ಎಂದು ನೀವು ಕೇಳಬಹುದು. ಅಕ್ಕಿ ಹೋಗುತ್ತಿದ್ದುದೇ ನಮ್ಮ ದೇಶದಿಂದ. ನಮ್ಮ ಮಂಗಳೂರಿನ ಬಂದರಿನಿಂದ ಅಕ್ಕಿ ತುಂಬಿದ ಹಡಗುಗಳು ಅರಬಸ್ತಾನಕ್ಕೆ ಹೋಗುತ್ತಿದ್ದುದು ಶತಮಾನಗಳ ವ್ಯಾಪಾರ.

ಆ ಹದ್ರಮೌತಿನ ಗಂಡಸರು ಹೊಟ್ಟೆಪಾಡಿಗೆ ಸಮುದ್ರ ದಾಟಿದವರು. ಕೆಲವರು ಜಾವಾಕ್ಕೆ, ಕೆಲವರು ಆಫ್ರಿಕಾದ ಕರಾವಳಿಗೆ ಹೋದರು. ನಿಜಾಮರ ರಾಜ್ಯಕ್ಕೆ ಬಂದವರು ಸಿಪಾಯಿಗಳಾದರು. ಅವರ ದಂಡು ಬಿಡಾರ ಹೂಡಿದ ಜಾಗಕ್ಕೆ ಇಂಗ್ಲಿಷರ ‘ಬ್ಯಾರಕ್ಸ್’ ಎಂಬ ಶಬ್ದ ಅಂಟಿಕೊಂಡು, ದಖನಿ ನಾಲಿಗೆಯಲ್ಲಿ ಹೊರಳಿ ಬಾರ್ಕಾಸ್ ಆಯಿತು. ಕೋಟೆ ಅರಮನೆಗಳಿಂದ ದೂರ, ಊರಿನ ದಕ್ಷಿಣದ ಬಯಲಲ್ಲಿ. ಅರಸನಿಗೆ ಸಿಪಾಯಿ ಬೇಕು, ಆದರೆ ತಲೆಬಾಗಿಲಲ್ಲಿ ಬೇಡ.

ನಮ್ಮ ಕಡೆ ಅವರನ್ನು ಚಾವುಸರು ಎನ್ನುತ್ತಾರೆ. ತುರ್ಕಿ ಸೈನ್ಯದ ಒಂದು ಹುದ್ದೆಯ ಹೆಸರದು. ಸಾಹುಕಾರಿಕೆಯಲ್ಲೂ ಅವರು ಗಟ್ಟಿಗರು. ಜಾಗೀರದಾರರಿಗೆ ಸಾಲ ಕೊಟ್ಟು, ಸಾಲ ತೀರದಿದ್ದರೆ ಅವರ ಸೀಮೆಯನ್ನೇ ಹಿಡಿದುಕೊಂಡು ಕಂದಾಯ ಎತ್ತಿದವರುಂಟು. 1853ರಲ್ಲಿ ದಿವಾನನಾದ ಮೊದಲನೆಯ ಸಾಲಾರ್ ಜಂಗನಿಗೆ ಅವರ ಕೈ ಕಟ್ಟುವುದೇ ದೊಡ್ಡ ಕೆಲಸವಾಯಿತು. ಇಂಥ ಸಿಪಾಯಿ ಮನೆತನಗಳಲ್ಲಿ ಒಂದಾದ ಅಲ್ ಕುಐತಿ ಮನೆತನ ಹೈದರಾಬಾದಿನಲ್ಲಿ ಗಳಿಸಿದ ಹಣದ ಬಲದಿಂದ ಹದ್ರಮೌತಿನ ಮುಕಲ್ಲಾ ಬಂದರಿನಲ್ಲಿ ರಾಜ್ಯವನ್ನೇ ಕಟ್ಟಿತು; 1967ರವರೆಗೆ ಆಳಿತು. ನಮ್ಮ ರೈತರ ಕಂದಾಯದ ಹಣ ಎಲ್ಲೆಲ್ಲಿ ಹೋಗಿ ಕೋಟೆಯಾಯಿತು ನೋಡಿ!

ಸುರಪುರದ ಕಥೆಯಲ್ಲೂ ಅರಬರು ಬರುತ್ತಾರೆ. 1857ರ ದಂಗೆಯ ಗಾಳಿ ಬೀಸಿದಾಗ ರಾಜಾ ವೆಂಕಟಪ್ಪ ನಾಯಕರು ತಮ್ಮ ಬೇಡರ ಪಡೆಯ ಜೊತೆಗೆ ಅರಬರನ್ನೂ ರೋಹಿಲರನ್ನೂ ಕೂಡಿಹಾಕುತ್ತಿದ್ದಾರೆಂಬುದೇ ಬ್ರಿಟಿಷರ ತಲೆನೋವಾಗಿತ್ತು. 1858ರ ಫೆಬ್ರವರಿಯಲ್ಲಿ ಕಾಳಗ ನಡೆದು, ರಾಜರು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕರು. ಈ ಪಾಠವನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಆ ಅರಬರು ಏನು ಉಣ್ಣುತ್ತಿದ್ದರು, ಅವರಿಗೆ ಯಾರು ಬೇಯಿಸಿ ಹಾಕುತ್ತಿದ್ದರು ಎಂಬ ಪ್ರಶ್ನೆ ಪುಸ್ತಕದಲ್ಲಿಲ್ಲ. ಇತಿಹಾಸ ಬರೆಯುವ ಗಂಡಸರಿಗೆ ಅಡಿಗೆ ತಾನೇ ಆಗುತ್ತದೆಂಬ ನಂಬಿಕೆ.

ಬಾರ್ಕಾಸಿನಲ್ಲಿ ನೆಲಕ್ಕೆ ಕುಳಿತಾಗ ನನ್ನ ತಲೆ ಹೊಕ್ಕದ್ದು ಇದೇ ಪ್ರಶ್ನೆ. ಹದ್ರಮೌತಿನಿಂದ ಬಂದವರು ಗಂಡಸರು. ಹೆಂಗಸರು ಊರು ಬಿಟ್ಟು ಹಡಗು ಹತ್ತುವ ವಾಡಿಕೆ ಇರಲಿಲ್ಲ. ಹಾಗಾಗಿ ಬಂದವರು ಇಲ್ಲಿಯವರನ್ನೇ ಮದುವೆಯಾದರು. ಆ ಮದುವೆಗಳಿಗೆ ಹುಟ್ಟಿದ ಮಕ್ಕಳಿಗೆ ಅರಬ್ಬಿಯಲ್ಲಿ ‘ಮುವಲ್ಲದ್’ ಎಂಬ ಬೇರೆ ಹೆಸರೇ ಇದೆ. ಅಂದಮೇಲೆ ಬಾರ್ಕಾಸಿನ ಮೊದಲ ಮಂದಿ, ಮೊದಲ ಹರೀಸ್ ಬೇಯಿಸಿದ ಕೈ ದಖನಿನ ಹೆಣ್ಣಿನದೇ ಇರಬೇಕು. ಅತ್ತೆಯ ಮುಖ ಕಂಡವಳಲ್ಲ, ಹೇಳಿಕೊಡುವ ನಾದಿನಿಯಿಲ್ಲ. ಗಂಡ ತನ್ನ ತಾಯಿಯ ಅಡಿಗೆಯ ರುಚಿಯನ್ನು ಬಾಯಿಮಾತಿನಲ್ಲಿ ಹೇಳಬೇಕು, ಇವಳು ಅದನ್ನು ಊಹಿಸಿ ಬೇಯಿಸಬೇಕು. ‘ಹಾಂಗಲ್ಲ, ಇನ್ನಷ್ಟು ಮೆತ್ತಗಾಗಬೇಕು’ ಎನ್ನುವ ಮಾತನ್ನು ಎಷ್ಟು ಹೆಂಗಸರು ಎಷ್ಟು ಸಂಜೆ ಕೇಳಿದರೋ! ಅತ್ತೆಯ ಕೈಕೆಳಗೆ ಅಡಿಗೆ ಕಲಿತ ನಮಗೆ ಅದು ಕಷ್ಟವೆನಿಸಿತ್ತು. ಇಲ್ಲದ ಅತ್ತೆಯ ಕೈರುಚಿ ಹಿಡಿಯುವುದು ಅದಕ್ಕಿಂತ ಕಷ್ಟ.

ಹರೀಸ್ ಎಂದೆನಲ್ಲ, ಅದರ ಬಗ್ಗೆ ಹೇಳಲೇಬೇಕು. ಕುಟ್ಟಿದ ಗೋಧಿಯನ್ನೂ ಮಾಂಸವನ್ನೂ ಕೂಡಿಸಿ ರಾತ್ರಿಯಿಡೀ ಬೇಯಿಸಿ, ಗೋಧಿ ಯಾವುದು ಮಾಂಸ ಯಾವುದು ತಿಳಿಯದಂತೆ ತಿರುವಿ ಮಾಡುವ ಅಂಬಲಿಯಂಥ ಪದಾರ್ಥ. ಬಾರ್ಕಾಸಿನಲ್ಲಿ ಅದನ್ನು ಖಾರವಾಗಿಯೂ ಮಾಡುತ್ತಾರೆ, ತುಪ್ಪ ಸಕ್ಕರೆ ಹಾಕಿ ಸಿಹಿಯಾಗಿಯೂ ಕೊಡುತ್ತಾರೆ. ಸಿಹಿಯದನ್ನು ಬಾಯಿಗಿಟ್ಟ ಅಕ್ಕ, “ಇದು ನಮ್ಮ ಗೋದಿ ಹುಗ್ಗೀನೇ ಅಲ್ಲೇನ?” ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಜಾತ್ರೆಯ ಹಿಂದಿನ ರಾತ್ರಿ ಒರಳಲ್ಲಿ ಗೋಧಿ ಕುಟ್ಟಿ, ಕೊಪ್ಪರಿಗೆಯಲ್ಲಿ ಬೆಲ್ಲ ಸುರಿದು ತಿರುವುವ ಕೈಗಳಿಗೆ ಹರೀಸಿನ ಹದ ಹೊಸದಲ್ಲ. ಇದೇ ಹರೀಸ್ ನವಾಬರ ಮನೆಗಳಲ್ಲಿ ಬೇಳೆ, ಮಸಾಲೆ ಕೂಡಿಸಿಕೊಂಡು ಹಲೀಮ್ ಆಯಿತು. 2010ರಲ್ಲಿ ಹೈದರಾಬಾದಿ ಹಲೀಮಿಗೆ ಸರ್ಕಾರದ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿತು. ಮುದ್ರೆ ಸಿಕ್ಕದ್ದು ಶಹರದ ಹಲೀಮಿಗೆ. ಒರಳು ಕುಟ್ಟಿದ ಬಾರ್ಕಾಸಿನವಳ ಹೆಸರು ಅದರಲ್ಲಿಲ್ಲ.

ಈಗ ಕಷ್ಟದ ಮಾತು. ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ ಧ್ವಜ ಏರಿಸುತ್ತೇವೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತ ಒಕ್ಕೂಟಕ್ಕೆ ಸೇರಿದ ದಿನ. ರಜಾಕಾರರ ಹಾವಳಿ ನಮ್ಮ ಹಿರಿಯರ ಬಾಯಲ್ಲಿ ಕಥೆಯಲ್ಲ, ಮೈಮೇಲಿನ ಗಾಯ. ನನ್ನ ಅಜ್ಜಿ ಮಕ್ಕಳನ್ನು ಕಟ್ಟಿಕೊಂಡು ಜೋಳದ ಹೊಲದಲ್ಲಿ ರಾತ್ರಿ ಕಳೆದವಳು. ಬೀದರ ಜಿಲ್ಲೆಯ ಗೋರಟಾದಲ್ಲಿ ಅದೇ ವರ್ಷ ನಡೆದ ಕೊಲೆಗಳನ್ನು ನಮ್ಮ ಸೀಮೆ ಮರೆತಿಲ್ಲ, ಮರೆಯಲೂಬಾರದು. ಆದರೆ ಪೊಲೀಸ್ ಕಾರ್ಯಾಚರಣೆಯ ನಂತರದ ದಿನಗಳಲ್ಲಿ ಏನಾಯಿತೆಂಬುದನ್ನು ನಾವು ಭಾಷಣದಲ್ಲಿ ಹೇಳುವುದಿಲ್ಲ. ಅದನ್ನು ನೋಡಿಬರಲು ನೆಹರೂ ಸರ್ಕಾರ ಪಂಡಿತ ಸುಂದರಲಾಲರ ಸಮಿತಿಯನ್ನು ಕಳಿಸಿತ್ತು. ಸತ್ತವರು 27,000ದಿಂದ 40,000 ಇರಬಹುದೆಂದು ಸಮಿತಿ ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಮುಸಲ್ಮಾನರು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ ಒಂದು, ನಮ್ಮ ಗುಲಬರ್ಗಾ ಇನ್ನೊಂದು. ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಯದೇ ಭಾಗ. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗದೆ ಕಡತದಲ್ಲಿ ಉಳಿಯಿತು.

ನಿಜಾಮನ ದಂಡು ಕರಗಿದಾಗ ಅರಬರ ಅನ್ನವೂ ಕರಗಿತು. ಹಲವರನ್ನು ಸೆರೆಯಲ್ಲಿಟ್ಟರು. ನೀವು ಪರದೇಶದವರು, ನಿಮ್ಮ ದೇಶಕ್ಕೆ ಹೋಗಿ ಎಂದು ಕೆಲವರನ್ನು ಹಡಗು ಹತ್ತಿಸಿ ಏಡನ್‌ಗೆ ಕಳಿಸಿದರು. ಆದರೆ ಹೆಚ್ಚಿನವರು ಹುಟ್ಟಿದ್ದೇ ಇಲ್ಲಿ. ಹದ್ರಮೌತನ್ನು ಕಣ್ಣಿಂದ ಕಂಡವರಲ್ಲ. ಮನೆಯಲ್ಲಿ ಆಡುವುದು ದಖನಿ. ತಾಯಿ, ಅಜ್ಜಿ ಈ ಮಣ್ಣಿನವರು. ಮುಂದೆ ಬಂದ ನಮ್ಮ ಸಂವಿಧಾನದ 5ನೆಯ ವಿಧಿ ಭಾರತದಲ್ಲಿ ನೆಲೆಸಿದವರಲ್ಲಿ ಇಲ್ಲಿ ಹುಟ್ಟಿದವರನ್ನೂ, ತಂದೆ ತಾಯಿಗಳಲ್ಲಿ ಒಬ್ಬರಾದರೂ ಇಲ್ಲಿ ಹುಟ್ಟಿದವರನ್ನೂ ಪ್ರಜೆಗಳೆಂದಿತು. ‘ತಂದೆ’ ಎಂದಷ್ಟೇ ಬರೆಯದೆ ತಾಯಿಯನ್ನೂ ಸೇರಿಸಿದ ಕೈಗೆ ನಾನು ನಮಸ್ಕರಿಸುತ್ತೇನೆ. ಮನೆತನದ ಹೆಸರು ತಂದೆಯದು. ನೆಲದ ಹಕ್ಕಿಗೆ ತಾಯಿಯ ಹುಟ್ಟೂ ಸಾಕ್ಷಿ.

ಸಂಬಳ ನಿಂತವರು ಅಲ್ಲಿ ಇಲ್ಲಿ ಕಾವಲಿಗೆ ನಿಂತರು, ಸಣ್ಣಪುಟ್ಟ ವ್ಯಾಪಾರ ಮಾಡಿದರು. ಬಾರ್ಕಾಸಿನ ಪೇರಲಹಣ್ಣಿಗೆ ಈಗಲೂ ಹೆಸರಿದೆ. 1970ರ ದಶಕದಲ್ಲಿ ಕೊಲ್ಲಿ ದೇಶಗಳಲ್ಲಿ ಎಣ್ಣೆಯ ಹಣ ಹರಿದಾಗ ಅವರ ಮಕ್ಕಳು ಅಜ್ಜಂದಿರ ದಿಕ್ಕಿಗೆ ಮತ್ತೆ ಹೊರಟರು, ಈ ಸಲ ಕೂಲಿಗೆ, ಡ್ರೈವರ್ ಕೆಲಸಕ್ಕೆ. ಮರಳಿ ಬಂದವರು ತಂದದ್ದರಲ್ಲಿ ಮಂದಿಯ ರುಚಿಯೂ ಒಂದು. ಮನೆಯೊಳಗಿನ ಅಡಿಗೆ ರಸ್ತೆಬದಿಯ ಹೋಟೆಲಾಯಿತು. ಬಾರ್ಕಾಸ್, ಶಾಹೀನ್ ನಗರದ ರಸ್ತೆಯಲ್ಲಿ ಇವತ್ತು ಸಂಜೆಯಾದರೆ ಸಾಲುಸಾಲು ದೀಪ.

ಎಲ್ಲವೂ ಒಳ್ಳೆಯವಲ್ಲ ಮತ್ತೆ. ಒಂಟೆಯ ಬೊಂಬೆ, ಬಣ್ಣದ ಕಾರಂಜಿ, ಪ್ಲಾಸ್ಟಿಕ್ಕಿನ ಖರ್ಜೂರದ ಮರ ಇದ್ದಲ್ಲಿಗೆ ಹೋಗಬೇಡಿ. ನಿಮ್ಮ ದುಡ್ಡು ಕಾರಂಜಿಗೆ ಹೋಗುತ್ತದೆ. ಅನ್ನ ಕೇಸರಿಬಾತಿನಂತೆ ಹೊಳೆಯುತ್ತಿದ್ದರೆ ಅದು ಬಣ್ಣ. ಸರಿಯಾದ ಮಂದಿಯಲ್ಲಿ ಅಗುಳು ಬಿಡಿಬಿಡಿ, ಹೊಗೆಯ ವಾಸನೆ ತೆಳುವಾಗಿ, ಮಾಂಸ ಬೆರಳಿಗೇ ಬಿಟ್ಟುಕೊಳ್ಳಬೇಕು. ಮನೆಮಂದಿಯೊಡನೆ ಬಂದ ಹೆಂಗಸರು ತಾಟಿನ ಸುತ್ತ ಕುಳಿತಿದ್ದರೆ ಧೈರ್ಯವಾಗಿ ಒಳಗೆ ಹೋಗಿ. ಗಂಡಸರನ್ನು ನಂಬಬಹುದು, ಊಟದ ವಿಷಯದಲ್ಲಿ ಅಲ್ಲ. ಹಸಿದಾಗ ಅವರಿಗೆ ಎಲ್ಲವೂ ರುಚಿ. ಮಾಂಸ ತಿನ್ನದವರು ಬೇಸರಪಡಬೇಕಿಲ್ಲ, ಪೇರಲ ಇದೆ.

ನಾವು ಹೋದದ್ದು ಸಣ್ಣ ಜಾಗಕ್ಕೆ. ನೆಲದ ಮೇಲೆ ಜಮಖಾನೆ, ನಡುವೆ ಪರದೆ. ಅಗಲವಾದ ಒಂದೇ ತಾಟು ತಂದಿಟ್ಟರು. ನಾಲ್ವರೂ ಅದರಲ್ಲೇ ಕೈಹಾಕಬೇಕು. ಅಕ್ಕ ಹಿಂಜರಿದಳು. ಎಂಜಲು ಎಂಬ ಮಾತು ನಮ್ಮ ಎಲುಬಿಗೇ ಇಳಿದಿದೆ, ತಾಯಿ ಮಕ್ಕಳ ನಡುವೆಯೂ. ಅಳಿಯನ ಜೊತೆ ಒಂದೇ ತಾಟು ಅಂದರಂತೂ ಕೇಳಬೇಡಿ. ಅಳಿಯ ಬುದ್ಧಿವಂತ, ತನ್ನ ಪಾಲನ್ನು ಬೇರೆ ತಟ್ಟೆಗೆ ಹಾಕಿಸಿಕೊಂಡು ಪರದೆಯ ಆಚೆ ಸರಿದ. ಆಮೇಲೆ ನಮ್ಮ ಮೂವರ ಕೈ ಸರಾಗವಾಗಿ ಓಡಿತು.

ಗಲ್ಲೆಯ ಬಳಿ ಮಾಲೀಕರ ತಾಯಿ ಕುಳಿತಿದ್ದರು, ಎಪ್ಪತ್ತು ದಾಟಿದವರು. ನಮ್ಮ ಮಾತು ಕಿವಿಗೆ ಬಿದ್ದು, “ಎಲ್ಲಿಂದ ಬಂದಿರಿ ಅಮ್ಮಾ?” ಎಂದು ದಖನಿಯಲ್ಲಿ ಕೇಳಿದರು. ಯಾದಗಿರಿ ಎಂದೆ. ತಮ್ಮ ನಾನಿ ವಾಡಿಯ ಕಡೆಯವರೆಂದೂ, ಸಿಟ್ಟು ಬಂದಾಗ ಮಾತ್ರ ಕನ್ನಡದಲ್ಲಿ ಬೈಯುತ್ತಿದ್ದರೆಂದೂ ಹೇಳಿದರು. ಏನೆಂದು ಬೈಯುತ್ತಿದ್ದರು ಎಂದು ಕೇಳಿದೆ. ಅವರು ನಕ್ಕು ಹೇಳಿದ ಎರಡು ಶಬ್ದಗಳು ಅಪ್ಪಟ ನಮ್ಮ ಊರಿನವು, ಇಲ್ಲಿ ಬರೆಯುವಂಥವಲ್ಲ.

ಅಕ್ಕ ಅಷ್ಟರಲ್ಲಿ ತನ್ನ ಚೀಲದಿಂದ ಶೇಂಗಾ ಹಿಂಡಿಯ ಪೊಟ್ಟಣ ತೆಗೆದಿದ್ದಳು. ಖಾರವಿಲ್ಲದ ಊಟ ಅವಳ ಗಂಟಲಲ್ಲಿ ಇಳಿಯದು. ತಾಟಿನ ತನ್ನ ಮಗ್ಗುಲಿನ ಅನ್ನಕ್ಕೆ ಉದುರಿಸಿಕೊಂಡು ಕಲೆಸಿ ಉಂಡಳು. ಮುದುಕಿ ಎದ್ದು ಬಂದು ಅಂಗೈ ಚಾಚಿದರು. ಅಕ್ಕ ಅವರಿಗೂ ಒಂದು ಚಿಟಿಕೆ ಹಾಕಿ, ಉಳಿದ ಪೊಟ್ಟಣವನ್ನು ಅಲ್ಲಿಯೇ ಬಿಟ್ಟು ಬಂದಳು.